ಬಲಗಾಲಿನ ಗಾಯ

ಅಮೆರಿಕದಲ್ಲಿ ಅಟ್ಲಾಂಟಾ ಪಕ್ಕದ ನಮ್ಮ ಕಮ್ಮಿಂಗ್ ಊರಿನ ಕನ್ನಡದವರಿಗೆ ಗೊತ್ತಿಲ್ಲದ ವಿಷಯ ಇಲ್ಲ. ಯಾವ ಸ್ಕೂಲ್ ಒಳ್ಳೆಯದು, ಯಾವ ಬಿಲ್ಡರ್ ಗೋಡೆಗೆ ತೆಳು ಹಲಗೆ ಹಾಕುತ್ತಾನೆ, ಯಾವ ಅಂಗಡಿಯಲ್ಲಿ ನುಗ್ಗೆಕಾಯಿ ಎಳೆಯದು, ಎಲ್ಲ ಗೊತ್ತು. ವೀಸಾ ವಿಷಯವಂತೂ ಬಿಡಿ, ಅದು ಅವರಿಗೆ ವೇದ. ಆ ವೇದ ಕಂಠಪಾಠ ಮಾಡಿಕೊಂಡವರೆಲ್ಲ ಸೇರಿ ಒಬ್ಬ ಹುಡುಗನ ಆಟವನ್ನು ನನ್ನ ಡೈನಿಂಗ್ ಟೇಬಲ್ಲಿನಲ್ಲೇ ಕೂತು, ನಾನು ಕಲಸಿದ ಪುಳಿಯೋಗರೆ ತಿನ್ನುತ್ತಾ ಮುಗಿಸಿದರು. "ಅದನ್ನ ಯಾಕೆ ಮತ್ತೆ ಕೆದಕ್ತೀಯಾ?" ಎಂದು ನಮ್ಮ ಮನೆಯವರು ಕೇಳುತ್ತಾರೆ. ಕೆದಕುತ್ತೇನೆ. ನನ್ನ ಹೊಟ್ಟೆ ಇನ್ನೂ ಉರಿಯುತ್ತಿದೆ.

ಹುಡುಗ ಇಂಡೊನೇಷ್ಯಾದವನು. ಪೂರ್ವ ಜಾವಾದ ಒಂದು ಸಣ್ಣ ಊರು. ತಂದೆ ಇಲ್ಲ, ತಾಯಿ ರಸ್ತೆ ಬದಿಯಲ್ಲಿ ಊಟದಂಗಡಿ ನಡೆಸುತ್ತಿದ್ದರು. ಕೊರೊನಾ ಕಾಟ ತಗ್ಗಿ ಆಟದ ಮೈದಾನಗಳಿಗೆ ಜನ ಮತ್ತೆ ಬರತೊಡಗಿದ ವರ್ಷ ಅವನು ನಮ್ಮ ಕಡೆಯ ಒಂದು ಸಣ್ಣ ಪ್ರೊಫೆಷನಲ್ ಫುಟ್‌ಬಾಲ್ ಕ್ಲಬ್ಬಿಗೆ ಆಡಲು ಬಂದ. ಟೀವಿಯಲ್ಲಿ ಬರುವ ದೊಡ್ಡ ಲೀಗ್ ಅಲ್ಲ, ಅದರ ಕೆಳಗಿನದು. ಇಂಥ ಕ್ಲಬ್ಬುಗಳು ಹೊರದೇಶದ ಎಳೆ ಆಟಗಾರರನ್ನು ಊರಿನವರ ಮನೆಗಳಲ್ಲೇ ಇರಿಸುತ್ತವೆ. ಹೋಸ್ಟ್ ಫ್ಯಾಮಿಲಿ ಅನ್ನುತ್ತಾರೆ. ನಮ್ಮ ಮಗಳು ಆ ಕ್ಲಬ್ಬಿನ ಮಕ್ಕಳ ತಂಡದಲ್ಲಿದ್ದಳು, ನಮ್ಮ ಬೇಸ್‌ಮೆಂಟಿನಲ್ಲಿ ಒಂದು ರೂಮು ಖಾಲಿ ಇತ್ತು. ನಮ್ಮ ಮನೆಯವರು ಸ್ವಲ್ಪ ಯೋಚಿಸಿ, "ಇರಲಿ ಬಿಡು, ಇವಳ ಕಾಲೇಜ್ ಅಪ್ಲಿಕೇಶನ್‌ಗೆ ಒಳ್ಳೇದಾಗತ್ತೆ" ಅಂದರು. ಒಬ್ಬ ಮನುಷ್ಯ ನಮ್ಮ ಮನೆಗೆ ಬಂದದ್ದು ಹೀಗೆ.

ಅವನ ಹೆಸರು ಹೇಳುವುದಿಲ್ಲ. ಮುಸಲ್ಮಾನರ ಹುಡುಗ, ಆದರೆ ಹೆಸರು ನಮ್ಮ ಪುರಾಣದ್ದೇ. ಅದನ್ನು ಕೇಳಿ ನಮ್ಮ ಗುಂಪಿಗೆಲ್ಲ ಹಿರಿಯರಾದ ಡಾಕ್ಟರ್ ಅಂಕಲ್ ಕುಣಿದಾಡಿದರು. ಅವರ ಕಡೆ ಅಂಕಲ್ ಅನ್ನುವುದಕ್ಕೆ 'ಓಂ' ಅನ್ನುತ್ತಾರಂತೆ. ಮೊದಲ ದಿನ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದು ನಮ್ಮ ಮನೆಯವರ ಮುಖ ನೋಡಿ "ಓಂ" ಅಂದ. ಇವರು ಕಾಫಿ ಲೋಟ ಕೆಳಗಿಟ್ಟು ಕೈ ಮುಗಿದರು. ಮಗಳು ನಕ್ಕು ನಕ್ಕು ನೆಲಕ್ಕೆ ಬಿದ್ದಳು.

ಮನೆಯೊಳಗೆ ಕೋಳಿ ಬೇಯಿಸುವಂತಿಲ್ಲ ಅಂತ ಗ್ಯಾರೇಜಿನಲ್ಲಿ ಅವನಿಗೊಂದು ಒಲೆ ಇಟ್ಟುಕೊಟ್ಟೆವು. ಕಾರುಗಳ ಮಧ್ಯೆ ನಿಂತು ಬೇಯಿಸಿಕೊಳ್ಳುತ್ತಿದ್ದ, ಪಾಪ, ಒಂದು ದಿನವೂ ಮುಖ ಸಣ್ಣ ಮಾಡಲಿಲ್ಲ. ಉಳಿದಂತೆ ನಮ್ಮ ಜೊತೆಗೇ ಊಟ. ಕೈಯಲ್ಲಿ ಕಲಸಿ ತಿನ್ನುತ್ತಿದ್ದ. ನನ್ನ ಮಗಳು ಅನ್ನಕ್ಕೂ ಫೋರ್ಕ್ ಹುಡುಕುತ್ತಾಳೆ, ಇವನು ಸಾರಿಗೆ ಅನ್ನ ಕಲಸಿ ತಟ್ಟೆ ಬಳಿದು ಎದ್ದೇಳುತ್ತಿದ್ದ. ಒಂದೇ ವಾರಕ್ಕೆ "ಸಾಕು ಆಂಟಿ", "ಇನ್ನೂ ಸ್ವಲ್ಪ ಆಂಟಿ" ಎರಡೂ ಕಲಿತ. ಎರಡನೆಯದನ್ನೇ ಹೆಚ್ಚು ಬಳಸುತ್ತಿದ್ದ.

ಆಟ ನನಗೆ ಅಷ್ಟೋ ಇಷ್ಟೋ ಅರ್ಥವಾಗುತ್ತದೆ. ನಮ್ಮಪ್ಪ ಮೈಸೂರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು. ಕೊರಳಿನ ಸೀಟಿಯನ್ನು ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. "ಬಾಲ್ ಕಾಲಿಗೆ ಬಂದ್ಮೇಲೆ ನೋಡೋನು ಬಾಲ್ ಎತ್ತಿಕೊಡೋ ಹುಡುಗ. ಬರೋಕ್ಕೆ ಮುಂಚೆ ತಲೆ ಎತ್ತಿ ನೋಡ್ತಾನಲ್ಲ, ಅವ್ನು ಆಟಗಾರ" ಅನ್ನುತ್ತಿದ್ದರು. ಈ ಹುಡುಗ ತಲೆ ಎತ್ತಿ ನೋಡುತ್ತಿದ್ದ. ಎಡಬದಿಯಲ್ಲಿ ಆಡುವವನು, ಕುಳ್ಳ, ಎದುರಿನವರು ಇವನಿಗಿಂತ ಒಂದು ತಲೆ ಎತ್ತರ. ಅವರು ಬಂದು ಗುದ್ದುವ ಹೊತ್ತಿಗೆ ಚೆಂಡೂ ಇಲ್ಲ, ಇವನೂ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ ಅವನಿಗೆ, ದಿನಾ ಪ್ರ್ಯಾಕ್ಟೀಸಿಗೆ ನಾನೇ ಬಿಡುತ್ತಿದ್ದೆ. ನನಗೆ ಆಗ ಕೆಲಸ ಮಾಡುವ ಪರ್ಮಿಟ್ ಇರಲಿಲ್ಲ. ಗಂಡನ ವೀಸಾದ ಬಾಲಕ್ಕೆ ಕಟ್ಟಿಸಿಕೊಂಡು ಬಂದವಳು. ಇಡೀ ದಿನ ಬಟ್ಟೆ ಮಡಿಸುವ ಬದಲು ಮೈದಾನದ ಬೇಲಿ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದು ನನಗೆ ಎಷ್ಟೋ ವಾಸಿ ಅನ್ನಿಸುತ್ತಿತ್ತು.

ಎಡಗಾಲಿನ ಬಗ್ಗೆ ಅವನಿಗೆ ಒಂಥರಾ ಭಯಭಕ್ತಿ. ಶೂ ಹಾಕುವಾಗ ಬಲಗಾಲಿಗೆ ಮೊದಲು, ಎಡಗಾಲಿಗೆ ಆಮೇಲೆ, ಅದೂ ನಿಧಾನಕ್ಕೆ. ಒಮ್ಮೆ ನಾನು ಕಾರಿನ ಬಾಗಿಲು ಹಾಕುವಾಗ, "ನೋಡಪ್ಪ, ಎಡಗಾಲು ಸಿಕ್ಕಿಹಾಕ್ಕೊಂಡೀತು" ಅಂತ ಇಂಗ್ಲಿಷಿನಲ್ಲಿ ಅಂದೆ. ಹುಡುಗ ಕಾಲನ್ನು ಒಳಕ್ಕೆಳೆದುಕೊಂಡ. "ಆಂಟಿ, ಆ ಕಾಲಿನ ಬಗ್ಗೆ ತಮಾಷೆಗೂ ಹಾಗೆ ಹೇಳಬೇಡಿ, ಅಮ್ಮ ಅದಕ್ಕೆ ಹರಕೆ ಹೊತ್ತಿದ್ದಾಳೆ" ಅಂದ. ನಾನು ಕಿವಿ ಮುಟ್ಟಿಕೊಂಡೆ.

ಆ ಬೇಸಗೆಯಲ್ಲಿ ಸೌತ್ ಕ್ಯಾರೊಲೈನಾದಲ್ಲಿ ಒಂದು ಪಂದ್ಯ. ನಾನೂ ಮಗಳೂ ಡ್ರೈವ್ ಮಾಡಿಕೊಂಡು ಹೋಗಿದ್ದೆವು. ಬದಿಯಿಂದ ಒಳಗೆ ನುಗ್ಗಿ ಆ ಎಡಗಾಲಿನಲ್ಲಿ ಒಂದು ಹೊಡೆದ ನೋಡಿ, ಗೋಲ್‌ಕೀಪರನ ಕೈ ಮೇಲಕ್ಕೆದ್ದಾಗ ಚೆಂಡು ಬಲೆಯೊಳಗೆ ಕೂತಾಗಿತ್ತು. ನಾನು ಎದ್ದು ನಿಂತು ನಮ್ಮಪ್ಪನ ಹಾಗೆ ಸೀಟಿ ಊದಿದೆ, ಬೆರಳಿಟ್ಟು. ಮಗಳು "Amma, stop, everyone's looking" ಅಂದಳು. ನೋಡಲಿ. ಅದನ್ನು ಯಾರೋ ಫೋನಿನಲ್ಲಿ ಹಿಡಿದು ಹಾಕಿದ್ದರು. ಇಂಡೊನೇಷ್ಯಾದಲ್ಲಿ ಫುಟ್‌ಬಾಲ್ ಅಂದರೆ ಜನ ಸಾಯುತ್ತಾರೆ, ಅದು ಅಲ್ಲಿ ಮನೆಮನೆಗೆ ಹೋಯಿತು. ಸ್ವಲ್ಪ ದಿನಕ್ಕೆ ಅವನಿಗೆ ಕರೆ ಬಂತು. ದೇಶದ ತಂಡಕ್ಕೆ.

ಗ್ಯಾರೇಜಿನಿಂದ ಸೌಟು ಹಿಡಿದುಕೊಂಡೇ ಓಡಿ ಬಂದ. ಫೋನ್ ತೋರಿಸಿದ. ತಾಯಿಗೆ ಫೋನ್ ಮಾಡಿದ, ಆ ಕಡೆ ಅಂಗಡಿಯಲ್ಲಿ ತಿನ್ನುತ್ತಿದ್ದವರೆಲ್ಲ ಕೂಗಿಕೊಂಡದ್ದು ನಮ್ಮ ಅಡುಗೆಮನೆಗೆ ಕೇಳಿಸಿತು. ನಾನು ಕೇಸರಿಬಾತ್ ಮಾಡಿದೆ. ಎರಡು ಪಂದ್ಯಗಳಿಗೆ ಜಕಾರ್ತಕ್ಕೆ ಹೋಗಿ ಬರಬೇಕು, ಅಷ್ಟೆ. ದೇಶ ಕರೆದರೆ ಕ್ಲಬ್ಬು ಬಿಟ್ಟುಕೊಡಲೇಬೇಕು ಅನ್ನುವುದು ಈ ಆಟದ ನಿಯಮ. ಕ್ಲಬ್ಬಿನ ಕೋಚ್ ಅವನ ಬೆನ್ನು ತಟ್ಟಿ, "ವೀಸಾ ನಮ್ಮ ಲಾಯರ್ ನೋಡ್ಕೋತಾರೆ, ಹೋಗೋದು ಬಿಡೋದು ನಿನ್ನಿಷ್ಟ" ಅಂದಿದ್ದ. ಇಲ್ಲಿಯವರು ಹಾಗೆಯೇ ಮಾತಾಡುವುದು. 'ನಿನ್ನಿಷ್ಟ' ಅಂದರೆ ನಿನ್ನಿಷ್ಟ ಅಂತಲೇ ಅರ್ಥ. ನಮ್ಮವರು ಅದರಲ್ಲೂ ಕೊಂಕು ಹುಡುಕಿದರು.

ಹೊರಗಿನವರಿಗೆ ಈ ಸ್ಟಾಂಪಿಂಗ್ ಅನ್ನುವ ಭೂತ ಗೊತ್ತಿರಲಿಕ್ಕಿಲ್ಲ. ಇಲ್ಲಿ ಇರುವುದಕ್ಕೆ ಕಾಗದ ಸರಿ ಇದ್ದರೂ ಒಂದು ಸಲ ದೇಶದಿಂದ ಹೊರಗೆ ಹೋದರೆ, ಮತ್ತೆ ಬರುವುದಕ್ಕೆ ಅಲ್ಲಿನ ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟಿಗೆ ವೀಸಾ ಒತ್ತಿಸಿಕೊಳ್ಳಬೇಕು. ಕೊರೊನಾ ಕಾಲದಲ್ಲಿ ಕಾನ್ಸುಲೇಟುಗಳು ಬಾಗಿಲು ಹಾಕಿದ್ದವು. ಹೋದವರು ಅಲ್ಲೇ ಸಿಕ್ಕಿಕೊಂಡು, ಇಲ್ಲಿ ಮನೆ ಕಾರು ಹಾಗೇ ಬಿದ್ದು, ಮಕ್ಕಳಿಗೆ ಸ್ಕೂಲು ತಪ್ಪಿ ಪಟ್ಟ ಪಾಡು ನಿಜ, ಸುಳ್ಳು ಅನ್ನುವುದಿಲ್ಲ. ಆ ಹೆದರಿಕೆಯಲ್ಲಿ ನಮ್ಮ ಮನೆಯವರು ಸ್ವಂತ ತಂಗಿಯ ಮದುವೆಗೆ ಹೋಗಲಿಲ್ಲ. ಮೇಲೆ ರೇಷ್ಮೆ ಶರ್ಟು, ಕೆಳಗೆ ಚಡ್ಡಿ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತು ಅಕ್ಷತೆ ಹಾಕಿದರು, ಅಕ್ಕಿ ಕೀಬೋರ್ಡಿನ ಸಂದಿಗೆ ಹೋಯಿತು. ಇಲ್ಲಿಂದಲೇ ಆ ಮದುವೆಗೆ ಹೋದ ಅವರ ಗೆಳೆಯ ಆರಾಮವಾಗಿ ವಾಪಸ್ ಬಂದ. ತಂಗಿ ಇವತ್ತಿಗೂ ಇವರ ಹತ್ತಿರ ನೆಟ್ಟಗೆ ಮಾತಾಡುವುದಿಲ್ಲ.

ಆ ಶನಿವಾರ ನಮ್ಮ ಮನೆಯಲ್ಲಿ ಪಾಟ್‌ಲಕ್. ಎಲ್ಲರೂ ಒಂದೊಂದು ಅಡುಗೆ ತಂದು ಕೂಡಿ ಉಣ್ಣುವುದು. ಹುಡುಗ ಜಕಾರ್ತಕ್ಕೆ ಹೊರಟಿದ್ದಾನೆ ಅಂತ ನಾನೇ ಹೆಮ್ಮೆಯಿಂದ ಹೇಳಿದೆ. ಆಮೇಲೆ ಶುರುವಾಯಿತು ನೋಡಿ ವೇದಘೋಷ.

"ಸ್ಟಾಂಪಿಂಗ್ ಆಗಿದ್ಯಾ ಅವಂದು?"

"ಎಕ್ಸ್‌ಟೆನ್ಶನ್ ಫೈಲ್ ಮಾಡಿದಾರಂತೆ, ಪೆಂಡಿಂಗ್."

"ಪೆಂಡಿಂಗಾ! ಅಯ್ಯಯ್ಯೋ, ಪೆಂಡಿಂಗಲ್ಲಿ ಟ್ರಾವೆಲ್ ಮಾಡೋದಾ? ಕಾಲು ಹೊರಗಿಟ್ರೆ ಮುಗೀತು ಅವ್ನ ಕಥೆ."

"ರೀ, ಅವನದು ನಿಮ್ಮ ಥರ ವೀಸಾ ಅಲ್ಲ. ಆಟಗಾರರ ವೀಸಾ ಬೇರೆ. ಕ್ಲಬ್ ಲಾಯರ್ ಪರವಾಗಿಲ್ಲ ಅಂದಿದಾರೆ" ಅಂದೆ ನಾನು.

"ಲಾಯರ್‌ಗೇನು, ಅವ್ನು ಹಂಗೇ ಹೇಳ್ತಾನೆ" ಅಂದರು ನಮ್ಮ ಮನೆಯವರು. "ನಿಂಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರು."

ಹುಡುಗ ಒಬ್ಬೊಬ್ಬರ ಮುಖ ನೋಡುತ್ತಾ ಕೂತಿದ್ದ. ಭಾಷೆ ಗೊತ್ತಿಲ್ಲದಿದ್ದರೂ ಹೆದರಿಕೆ ಅರ್ಥವಾಗುತ್ತದಲ್ಲ. ನಮ್ಮ ಮನೆಯವರು ಇಂಗ್ಲಿಷಿನಲ್ಲಿ ಅವನಿಗೆ ಬಿಡಿಸಿ ಹೇಳಿದರು: ಹೋದರೆ ಬರುವುದಕ್ಕೆ ಆಗದೆ ಹೋಗಬಹುದು, ಕ್ಲಬ್ಬು ಬೇರೆಯವರನ್ನು ತೆಗೆದುಕೊಳ್ಳುತ್ತದೆ, ದೇಶದ ಕರೆ ಮತ್ತೆ ಬರುತ್ತದೆ, ಈ ಸಲ ಬಿಡು. "ನಾನು ನನ್ನ ತಂಗಿ ಮದುವೇನೇ ಬಿಟ್ಟೆ, ಗೊತ್ತಾ? ಅದಕ್ಕೇ ಇವತ್ತು ಇಲ್ಲಿದೀನಿ" ಅಂದರು. ಆಗ ನನಗೆ ಹೊಳೆಯಿತು. ಈ ಹುಡುಗ ಹೋಗಿ ಆಟವಾಡಿ ನಗುನಗುತ್ತಾ ವಾಪಸ್ ಬಂದುಬಿಟ್ಟರೆ, ಇವರು ತಂಗಿಯ ಮದುವೆ ಬಿಟ್ಟದ್ದು ಬರೀ ಪುಕ್ಕಲುತನ ಅಂತ ಆಗಿಬಿಡುತ್ತದೆ. ಇವರಿಗೆ ಅವನು ಹೋಗುವುದು ಬೇಕಿರಲಿಲ್ಲ. ಅದು ಇವರಿಗೇ ಗೊತ್ತಿತ್ತೋ ಇಲ್ಲವೋ.

ಸರಿ, ಬರುವುದಿಲ್ಲ ಅಂತ ದೇಶದ ತಂಡದ ಮ್ಯಾನೇಜರಿಗೆ ಹೇಳುವುದು ಹೇಗೆ? ಅದಕ್ಕೂ ನಮ್ಮವರ ಹತ್ತಿರ ಮದ್ದು ಇತ್ತು. ಸಿಕ್ ಲೀವ್. ಆಫೀಸಿನಲ್ಲಿ ಯಾವ ಕಷ್ಟಕ್ಕೂ ಅದೇ ತಾನೆ. ದೇಶದ ತಂಡಕ್ಕೂ ಸಿಕ್ ಲೀವ್ ಹಾಕಬಹುದು ಅಂತ ಭೂಮಿಯ ಮೇಲೆ ನಮ್ಮ ಗುಂಪಿಗೆ ಬಿಟ್ಟು ಬೇರೆ ಯಾರಿಗೂ ಹೊಳೆದಿರಲಾರದು.

"ಹ್ಯಾಮ್‌ಸ್ಟ್ರಿಂಗ್ ಅನ್ಲಿ" ಅಂದರು ಡಾಕ್ಟರ್ ಅಂಕಲ್. ತೊಡೆಯ ಹಿಂದಿನ ಸ್ನಾಯು ಅದು. ಅವರು ಈ ದೇಶಕ್ಕೆ ಬಂದದ್ದು ನಾವೆಲ್ಲ ಹುಟ್ಟುವ ಮೊದಲು, ಪೌರತ್ವ ಸಿಕ್ಕಿ ಯಾವ ಕಾಲವೋ ಆಯಿತು, ವೀಸಾ ಚಿಂತೆ ಅವರಿಗೆ ಏನೂ ಇಲ್ಲ. ಆದರೂ ಕೂತರು. "ಸಣ್ಣಪುಟ್ಟದ್ದಾದ್ರೆ ಸ್ಕ್ಯಾನ್‌ನಲ್ಲೂ ಸರಿಯಾಗಿ ಕಾಣಲ್ಲ. ಸೇಫ್."

"ಎಡಗಾಲು ಅನ್ನು" ಅಂದರು ನಮ್ಮ ಮನೆಯವರು. ಹುಡುಗ ತಲೆ ಅಲ್ಲಾಡಿಸಿದ. ಎಡಗಾಲು ಆಗುವುದಿಲ್ಲ, ಆ ಮಾತು ಬಾಯಿಂದ ಬರುವುದಿಲ್ಲ ಅಂದ. "ಸರಿ ಹಂಗಾದ್ರೆ, ಬಲಗಾಲು. ರೈಟ್ ಹ್ಯಾಮ್‌ಸ್ಟ್ರಿಂಗ್. ಎಲ್ಲಿ, ಹೇಳು ನೋಡೋಣ."

ಆಮೇಲೆ ಏನು ಮಾಡಿದರು ಅಂತೀರಿ? ಕೆಲಸದ ಇಂಟರ್‌ವ್ಯೂಗೆ ಮುಂಚೆ ಇವರೆಲ್ಲ ಒಬ್ಬರಿಗೊಬ್ಬರು ಸುಳ್ಳು ಇಂಟರ್‌ವ್ಯೂ ಮಾಡಿ ತಯಾರಿ ಮಾಡಿಸುತ್ತಾರೆ. ಇಲ್ಲೂ ಅದನ್ನೇ ಮಾಡಿದರು. ಡಾಕ್ಟರ್ ಅಂಕಲ್ ಮ್ಯಾನೇಜರ್ ಆದರು. ಬಾಯಲ್ಲಿ ಹಪ್ಪಳ ಇಟ್ಟುಕೊಂಡು, "ಯಾವಾಗ ಆಯ್ತು? ಓಡುವಾಗ ಎಳೆಯುತ್ತಾ?" ಅಂತ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ಹುಡುಗ ತಡವರಿಸಿದ. "ಕಾನ್ಫಿಡೆಂಟಾಗಿ ಹೇಳು" ಅಂದರು ಇವರು. ಮತ್ತೆ ಹೇಳಿದ. ಮತ್ತೆ ಹೇಳಿಸಿದರು. ಕೊನೆಗೆ ತಪ್ಪಿಲ್ಲದೆ ಹೇಳಿದಾಗ ಯಾರೋ ಚಪ್ಪಾಳೆ ತಟ್ಟಿದರು.

ಮಾರನೆಯ ದಿನ ಕಾರಿನಲ್ಲಿ ನಾನು ನೇರವಾಗಿ ಹೇಳಿದೆ. "ನೋಡು ಮಗ, ಇವರಿಗೆಲ್ಲ ತಲೆ ಕೆಟ್ಟಿದೆ. ನೀನು ಹೋಗು. ನಾನೇ ಏರ್‌ಪೋರ್ಟಿಗೆ ಬಿಡ್ತೀನಿ." ಅವನು ಕಿಟಕಿಯ ಹೊರಗೆ ನೋಡುತ್ತಾ ಹೇಳಿದ: "ಓಂ ನನಗೆ ತಂದೆ ಥರ ಇದ್ದಾರೆ ಆಂಟಿ. ದೊಡ್ಡವರು ಅಷ್ಟು ಜನ ಕೂತು ಬೇಡ ಅಂದ ಮೇಲೆ ನಾನು ಹೋಗಿ, ಹೆಚ್ಚುಕಮ್ಮಿ ಆದರೆ, ಅಮ್ಮನಿಗೆ ಏನು ಹೇಳಲಿ?" ದೊಡ್ಡವರಂತೆ, ದೊಡ್ಡವರು! ನನಗೆ ಸ್ಟಿಯರಿಂಗ್ ಕಚ್ಚುವಷ್ಟು ಸಿಟ್ಟು ಬಂದಿತ್ತು. ಅವನು ಅವತ್ತು ಸಂಜೆ ಮ್ಯಾನೇಜರಿಗೆ ಫೋನ್ ಮಾಡಿ ಪಾಠ ಒಪ್ಪಿಸಿದ. ತಪ್ಪಿಲ್ಲದೆ ಒಪ್ಪಿಸಿದ.

ಜಕಾರ್ತದಲ್ಲಿ ರಾತ್ರಿ ಪಂದ್ಯ ಅಂದರೆ ನಮಗೆ ಬೆಳಿಗ್ಗೆ ತಿಂಡಿಯ ಹೊತ್ತು. ಹುಡುಗ ಸ್ನಾನ ಮಾಡಿ, ತಲೆ ಬಾಚಿಕೊಂಡು ಟೀವಿಯ ಮುಂದೆ ಬಂದ. ತಂಡ ಸಾಲಾಗಿ ನಿಂತು ರಾಷ್ಟ್ರಗೀತೆ ಶುರುವಾದಾಗ ಇವನೂ ನಮ್ಮ ಸೋಫಾದ ಮುಂದೆ ನೆಟ್ಟಗೆ ನಿಂತು ಹಾಡಿದ. ಮಗಳು ತಿನ್ನುತ್ತಿದ್ದ ಸೀರಿಯಲ್ ಬಟ್ಟಲು ಕೆಳಗಿಟ್ಟು ಅವನ ಪಕ್ಕ ಹೋಗಿ ನಿಂತಳು. ನಾನು ದೋಸೆ ಕಾವಲಿಯ ಮುಂದೆ ಅಳುತ್ತಾ ನಿಂತಿದ್ದೆ. ಇವನ ಜಾಗದಲ್ಲಿ ಆಡಿದವನು ಗೋಲು ಹೊಡೆದ. ಹುಡುಗ ಚಪ್ಪಾಳೆ ತಟ್ಟಿದ. ನಮ್ಮ ಮನೆಯವರು ಮೇಲಿನ ರೂಮಿನಲ್ಲಿ ಆಫೀಸ್ ಕಾಲಿನಲ್ಲಿದ್ದರು, ಕೆಳಗೆ ಬರಲಿಲ್ಲ.

ಕಥೆ ಅಲ್ಲಿಗೇ ಮುಗಿದಿದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಸುಮ್ಮನಿರಬಹುದಿತ್ತು. ಆದರೆ ದೇಶದ ತಂಡ ಅಂದರೆ ಆಫೀಸಿನ ಮ್ಯಾನೇಜರ್ ಅಲ್ಲವಲ್ಲ. ಆಟಗಾರ ಗಾಯ ಅಂದರೆ ಅವರು ಕ್ಲಬ್ಬಿನಿಂದ ವೈದ್ಯರ ವರದಿ ಕೇಳುತ್ತಾರೆ. ಕೇಳಿದರು. ಕ್ಲಬ್ಬಿನ ವೈದ್ಯರು, "ಗಾಯವೇ? ಯಾರಿಗೆ? ನಿನ್ನೆ ಎಲ್ಲರಿಗಿಂತ ಮುಂದೆ ಓಡುತ್ತಿದ್ದನಲ್ಲ" ಅಂದರು. ಕೋಚ್ ಅವನನ್ನು ಒಳಗೆ ಕರೆದು ಬಾಗಿಲು ಹಾಕಿದ. ಗಾಯ ಇದ್ದರೆ ನಮ್ಮಿಂದ ಮುಚ್ಚಿಟ್ಟಿದ್ದೀಯ, ಇಲ್ಲದಿದ್ದರೆ ನಿನ್ನ ದೇಶಕ್ಕೆ ಸುಳ್ಳು ಹೇಳಿದ್ದೀಯ, ಎರಡರಲ್ಲಿ ಯಾವುದು? ಹುಡುಗ ಎರಡನೆಯದು ಅಂದ. ಯಾರು ಹೇಳಿಕೊಟ್ಟರು ಅಂತ ಮಾತ್ರ ಹೇಳಲಿಲ್ಲ. ಕೋಚ್ ಕೂಗಾಡಲಿಲ್ಲ. ಮುಂದಿನ ಪಂದ್ಯದಿಂದ ಅವನನ್ನು ಆಡಿಸದೆ ಬೆಂಚಿನಲ್ಲಿ ಕೂರಿಸಿದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತ ನಮ್ಮಮ್ಮ ಹೇಳುತ್ತಿದ್ದಳು. ನಾನು ಬೇಲಿ ಪಕ್ಕ ಕೂತು ಅವನು ನೀರಿನ ಬಾಟಲಿಗಳನ್ನು ಜೋಡಿಸುವುದನ್ನು ನೋಡಿದೆ.

ಅಷ್ಟರಲ್ಲಿ ಅವನ ತಾಯಿಯಿಂದ ಒಂದು ಪಾರ್ಸಲ್ ಬಂತು. ಸುಳ್ಳು ಅನ್ನುವುದು ತಂಡಗಳವರ ಒಳಗೇ ಉಳಿದಿತ್ತು, ಗಾಯದ ಸುದ್ದಿ ಮಾತ್ರ ಅಲ್ಲಿ ಎಲ್ಲ ಕಡೆ ಬಂದಿತ್ತು, ತಾಯಿಗೆ ನಿಜ ಹೇಳಲು ಇವನಿಗೆ ಬಾಯಿ ಬಂದಿರಲಿಲ್ಲ. ಪಾರ್ಸಲ್ಲಿನಲ್ಲಿ ಹಸಿರು ಬಣ್ಣದ ಎಣ್ಣೆ, ಲವಂಗದ ಘಾಟು. ನೋವಿರುವ ಕಡೆ ಹಚ್ಚಿ ತಿಕ್ಕಬೇಕಂತೆ. ಹುಡುಗ ಅದನ್ನು ಬಾತ್‌ರೂಮಿನ ಕಪಾಟಿನಲ್ಲಿಟ್ಟ. ಕಂಪ್ಯೂಟರಿನ ಮುಂದೆ ಕೂತು ನಮ್ಮ ಮನೆಯವರಿಗೆ ಕತ್ತು ನೋವು. ಅವರು ಅದನ್ನು ದಿನಾ ಕತ್ತಿಗೆ ಹಚ್ಚಿಕೊಂಡು, "ಏನ್ ಎಣ್ಣೆ ಮಾರಾಯ್ತಿ, ಒಳ್ಳೆ ಕೆಲಸ ಮಾಡತ್ತೆ" ಅಂದರು.

ಸೀಸನ್ ಮುಗಿಯಿತು. ಕ್ಲಬ್ಬು ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಏಜೆಂಟ್ ಹೇಗೋ ಓಡಾಡಿ ನಾರ್ತ್ ಕ್ಯಾರೊಲೈನಾದ ಇನ್ನೊಂದು ಕ್ಲಬ್ಬಿನಲ್ಲಿ ಟ್ರಯಲ್ ಕೊಡಿಸಿದ. ಆಡಿ ತೋರಿಸಬೇಕು, ಇಷ್ಟವಾದರೆ ಇಟ್ಟುಕೊಳ್ಳುತ್ತಾರೆ. ಆದರೆ ಅವನ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಾ ಬಂದಿತ್ತು, ಮೊದಲು ವಾಷಿಂಗ್ಟನ್ನಿನ ಅವರ ರಾಯಭಾರ ಕಚೇರಿಗೆ ಹೋಗಬೇಕು. ನಾನೇ ಕರೆದುಕೊಂಡು ಹೊರಟೆ. "ಅಷ್ಟು ದೂರ ನೀನೊಬ್ಳೇ ಡ್ರೈವ್ ಮಾಡ್ತೀಯಾ?" ಅಂದರು ಇವರು. "ಮಾಡ್ತೀನಿ. ಸ್ಟಾಂಪಿಂಗ್ ಬೇಡವಲ್ಲ ಅದಕ್ಕೆ?" ಅಂದೆ.

ಸೌತ್ ಕ್ಯಾರೊಲೈನಾದ ಆ ಪೀಚ್ ಹಣ್ಣಿನ ಆಕಾರದ ನೀರಿನ ಟ್ಯಾಂಕ್ ದಾಟುವಾಗ ಹಿಂದೆಲ್ಲ ಅವನು ನಗುತ್ತಿದ್ದ, ಅದು ಹಣ್ಣಿನ ಹಾಗಲ್ಲ, ಬೇರೆ ಏನೋ ಹಾಗಿದೆ ಅಂತ. ಈ ಸಲ ನೋಡಲೇ ಇಲ್ಲ. ಅವರ ರಾಯಭಾರ ಕಚೇರಿಯ ಮುಂದೆ ಒಂದು ದೊಡ್ಡ ಸರಸ್ವತಿ ಇದ್ದಾಳೆ. ಬಿಳೀ ಮೈ, ಚಿನ್ನದ ಬಣ್ಣದ ಅಂಚು, ಕೈಯಲ್ಲಿ ವೀಣೆ. ನಮ್ಮ ದೇಶದ್ದಲ್ಲ, ಅವರ ದೇಶದ್ದು. ನಾನು ಫುಟ್‌ಪಾತಿನ ಮೇಲೆಯೇ ಚಪ್ಪಲಿ ಬಿಟ್ಟು, ಈ ಹುಡುಗನ ದಾರಿ ಸರಿಮಾಡು ತಾಯಿ ಅಂತ ಕೈ ಮುಗಿದೆ.

ಒಳಗಿನವರು ಅವನನ್ನು ಗುರುತು ಹಿಡಿದುಬಿಟ್ಟರು. ಗುಮಾಸ್ತರು ಎದ್ದು ಬಂದರು, ಕಾಫಿ ಬಂತು, ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು. ವಯಸ್ಸಾದ ಒಬ್ಬ ಹೆಂಗಸು ಅವನ ಕೆನ್ನೆ ಸವರಿ ಅವರ ಭಾಷೆಯಲ್ಲಿ ಏನೋ ಕೇಳಿ, ಬಗ್ಗಿ ಅವನ ಬಲತೊಡೆ ತಟ್ಟಿದರು. ಏನು ಕೇಳಿದರು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹುಡುಗ ನಕ್ಕ. ಕೆಲಸ ಮುಗಿದು ಹೊರಗೆ ಬರುವಾಗ ಅವರೆಲ್ಲ ಬಾಗಿಲಿನ ತನಕ ಬಂದು ಕೈ ಬೀಸುತ್ತಾ ನಿಂತರು. ಅವರ ಕಣ್ಣೆದುರಿಗೆ ಹುಡುಗ ಮೆಟ್ಟಿಲು ಇಳಿದ. ಬಲಗಾಲು ಎಳೆಯುತ್ತಾ. ಸ್ವಲ್ಪವೇ, ವಾಸಿಯಾಗುತ್ತಿರುವವರು ಎಳೆಯುವ ಹಾಗೆ. ಸರಸ್ವತಿಯ ಮುಂದೆಯೂ ಹಾಗೇ ನಡೆದ. ರಸ್ತೆ ತಿರುಗಿದ ಮೇಲೆ ನೆಟ್ಟಗಾದ. ಕಾರಿನಲ್ಲಿ ಕೂತ ಮೇಲೆ ಇಬ್ಬರೂ ಅತ್ತೆವು.

ನಾರ್ತ್ ಕ್ಯಾರೊಲೈನಾದಲ್ಲಿ ಚೆನ್ನಾಗಿ ಆಡಿದ. ನಾನು ನೋಡಿದೆ, ನಮ್ಮಪ್ಪ ಇದ್ದಿದ್ದರೆ ಸೀಟಿ ಬಾಯಿಂದ ತೆಗೆದು ಸುಮ್ಮನೆ ನೋಡುತ್ತಾ ನಿಲ್ಲುತ್ತಿದ್ದರು. ಆಟ ಮುಗಿದ ಮೇಲೆ ಅಲ್ಲಿನ ಕೋಚ್ ಕೇಳಿದ್ದು ಒಂದೇ: "ಆ ಹ್ಯಾಮ್‌ಸ್ಟ್ರಿಂಗ್ ವಿಷಯ ಏನು?" ವಾಸಿಯಾಗಿದೆ ಅಂದರೆ ಗಾಯದ ಆಟಗಾರ ಆಗುತ್ತಾನೆ, ಆಗಿರಲೇ ಇಲ್ಲ ಅಂದರೆ ಸುಳ್ಳುಗಾರ ಆಗುತ್ತಾನೆ. ಹುಡುಗ ನಿಜ ಹೇಳಿದ. ಕೋಚ್ ಅವನ ಕೈ ಕುಲುಕಿ, ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್, ಫೋನ್ ಮಾಡುತ್ತೇವೆ ಅಂದ. ಮಾಡಲಿಲ್ಲ.

ಊರಿಗೆ ವಾಪಸ್ ಹೊರಟವನನ್ನು ಅಟ್ಲಾಂಟಾ ಏರ್‌ಪೋರ್ಟಿಗೆ ಬಿಡಲು ಎಲ್ಲರೂ ಹೋದೆವು. ನಾನು ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಬ್ಯಾಗಿನ ತಳಕ್ಕೆ ಇಟ್ಟುಕೊಂಡ. ನಮ್ಮ ಮನೆಯವರು ಅವನ ಹೆಗಲ ಮೇಲೆ ಕೈ ಹಾಕಿ, "ಮತ್ತೆ ಬರೋದಾದ್ರೆ ಸ್ಟಾಂಪಿಂಗ್‌ಗೆ ಮುಂಚೆ ನನ್ನ ಕೇಳು, ಪ್ರಿಪೇರ್ ಮಾಡಿಸ್ತೀನಿ" ಅಂದರು. ಹುಡುಗ ಬಗ್ಗಿ ಅವರ ಕೈಯನ್ನು ಹಣೆಗೆ ಒತ್ತಿಕೊಂಡ. ಅವರ ಕಡೆ ಹಿರಿಯರಿಗೆ ಹಾಗೆ ಮಾಡುತ್ತಾರೆ. ಮಗಳು ಮುಖ ತಿರುಗಿಸಿಕೊಂಡು, "This is so messed up, Appa" ಅಂದಳು. ಇವರು ಪಾರ್ಕಿಂಗ್ ಚೀಟಿ ಹುಡುಕತೊಡಗಿದರು.

ಈಗ ಅವನು ಅವನ ಊರ ಹತ್ತಿರದ ಒಂದು ಸಣ್ಣ ತಂಡದಲ್ಲಿ ಆಡುತ್ತಾನೆ. ಮಧ್ಯಾಹ್ನ ತಾಯಿಯ ಅಂಗಡಿಯಲ್ಲಿ ಬಡಿಸುತ್ತಾನೆ. ದೇಶದ ತಂಡದಿಂದ ಕರೆ ಮತ್ತೆ ಬರಲಿಲ್ಲ. ದೀಪಾವಳಿಗೆ ತಪ್ಪದೆ ಫೋನ್ ಮಾಡುತ್ತಾನೆ. ಹೋದ ಸಲ ತಾಯಿಯೂ ಬಂದು ಮುಖ ತೋರಿಸಿ, ನನ್ನ ಮಗನ ಕಾಲು ನೋವಾದಾಗ ನೀವು ನೋಡಿಕೊಂಡಿರಿ, ನಿಮ್ಮ ಋಣ ದೊಡ್ಡದು ಅಂದರು. ಹುಡುಗ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ ಎಲ್ಲೂ ತಡವರಿಸಲಿಲ್ಲ. ಚೆನ್ನಾಗಿ ಕಲಿಸಿದ್ದರಲ್ಲ ನಮ್ಮವರು.

ಹುಡುಗನನ್ನು ಕಳಿಸಿಕೊಟ್ಟ ವರ್ಷವೇ ನಮ್ಮ ಮನೆಯವರನ್ನು ಕಂಪನಿ ಬಲವಂತವಾಗಿ ಇಂಡಿಯಾಕ್ಕೆ ಕಳಿಸಿತು. ಪ್ರಾಣ ಕೈಯಲ್ಲಿ ಹಿಡಿದುಕೊಂಡು ಹೋದರು. ಕಾನ್ಸುಲೇಟಿನ ಕಿಟಕಿಯಲ್ಲಿದ್ದವನು ಎಲ್ಲಿ ಕೆಲಸ ಅಂತ ಕೇಳಿ, ಪಾಸ್‌ಪೋರ್ಟು ತೆಗೆದಿಟ್ಟುಕೊಂಡು, ಹೋಗಿ ಅಂದನಂತೆ. ವೀಸಾ ಒತ್ತಿಸಿಕೊಂಡು ಅದೇ ವಾರ ವಾಪಸ್. "ಅಷ್ಟೇನಾ?" ಅಂದೆ. "ಅಷ್ಟೇ" ಅಂದರು. ತಂಗಿಯ ಮನೆಗೆ ಹೋಗಿದ್ದಿರಾ ಅಂತ ಕೇಳಿದೆ. ಬಾಗಿಲು ಹಾಕಿತ್ತು ಅಂದರು.

ಮೊನ್ನೆ ಮತ್ತೆ ನಮ್ಮ ಮನೆಯಲ್ಲಿ ಪಾಟ್‌ಲಕ್. ಹೊಸದಾಗಿ ಬೆಂಗಳೂರಿನಿಂದ ಬಂದ ಒಂದು ಜೋಡಿ, ಗೋಡೆಯ ಮೇಲಿನ ಫೋಟೋ ನೋಡಿ ಇದು ಯಾರು ಅಂತ ಕೇಳಿತು. ಮಗಳ ಜೊತೆ ಹುಡುಗ ಜೆರ್ಸಿ ಹಾಕಿಕೊಂಡು ನಿಂತಿರುವ ಫೋಟೋ ಅದು. ನಾನು ಅನ್ನದ ಪಾತ್ರೆ ಹಿಡಿದು ಬರುತ್ತಿದ್ದೆ.

"ಅಯ್ಯೋ, ಅವನಾ?" ಅಂದರು ನಮ್ಮ ಮನೆಯವರು. ಅವರ ದನಿಯಲ್ಲಿ ನಿಜವಾದ ನೋವಿತ್ತು, ಅದೇ ನನ್ನನ್ನು ನಿಲ್ಲಿಸಿದ್ದು. "ಪಾಪ, ನಮ್ಮನೇಲೇ ಇದ್ದ. ಫೆಂಟಾಸ್ಟಿಕ್ ಪ್ಲೇಯರ್. ನ್ಯಾಷನಲ್ ಟೀಮಿಗೆ ಕಾಲ್ ಬಂದಿತ್ತು, ಅಷ್ಟ್ರಲ್ಲಿ ಹ್ಯಾಮ್‌ಸ್ಟ್ರಿಂಗ್ ಇಂಜುರಿ ಆಗೋಯ್ತು. ಕರಿಯರ್ರೇ ಹೋಯ್ತು. ನಸೀಬು ನೋಡಿ."

ಡಾಕ್ಟರ್ ಅಂಕಲ್ ತಟ್ಟೆ ನೋಡುತ್ತಾ, "ಹ್ಯಾಮ್‌ಸ್ಟ್ರಿಂಗ್ ಬಾಳಾ ಕೆಟ್ಟದ್ದು" ಅಂದರು.

ನಾನು ಪಾತ್ರೆಯನ್ನು ಟೇಬಲ್ಲಿನ ಮೇಲಿಟ್ಟೆ. "ಯಾವ ಕಾಲು ರೀ?" ಅಂತ ಕೇಳಿದೆ.

ಅವರು ನನ್ನ ಮುಖ ನೋಡಿದರು. ಕೋಪವಿರಲಿಲ್ಲ, ತಪ್ಪಿಸಿಕೊಳ್ಳುವ ನೋಟವೂ ಅಲ್ಲ. ನಿಜಕ್ಕೂ ನೆನಪು ಮಾಡಿಕೊಳ್ಳುತ್ತಿದ್ದರು.

"ಎಡಗಾಲು ಅಲ್ವಾ?" ಅಂದರು.

"ಅಲ್ಲ. ಎಡಗಾಲು ಬೇಡ ಅಂತ ಅವನು ಹೇಳಿದ. ಇದೇ ಕುರ್ಚಿಲಿ ಕೂತು ನೀವು ಹೇಳಿಕೊಟ್ಟಿದ್ದು ಬಲಗಾಲು" ಅಂದೆ.

ಅನ್ನ ಆರುತ್ತಿತ್ತು, ಬಡಿಸಿದೆ.